ಮಲೆನಾಡಿನ ಚಳವಳಿ ಮತ್ತು ಹಾಡು: ಕಾಗೋಡಿನಿಂದ ಹಸಿರು ಶಾಲಿನವರೆಗೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು 1951ರಿಂದ 1980ರವರೆಗೆ ಕಂಡ ರಾಜಕೀಯ ಚಳವಳಿಗಳನ್ನೂ, ಅದೇ ಅವಧಿಯಲ್ಲಿ ಈ ಸೀಮೆಯ ಜನ ಕೇಳಿದ, ಹಾಡಿದ, ಒಮ್ಮೊಮ್ಮೆ ತಾವೇ ಕಟ್ಟಿದ ಸಂಗೀತವನ್ನೂ ಒಟ್ಟಿಗಿಟ್ಟು ನೋಡುವ ಲೇಖನವಿದು. ಗೇಣಿದಾರರ ಹೋರಾಟ, ಶರಾವತಿ ಮುಳುಗಡೆ, ಸಮಾಜವಾದಿ ಪಕ್ಷದ ಏರಿಳಿತ, ಭೂಸುಧಾರಣೆ, ತುರ್ತುಪರಿಸ್ಥಿತಿ, ದಲಿತ ಚಳವಳಿ, ರೈತ ಸಂಘ ಇವೆಲ್ಲವೂ ಮೂವತ್ತು ವರ್ಷಗಳೊಳಗೆ ನಡೆದುಹೋದವು.

ಇದೇ ಕಾಲದ ಅಮೆರಿಕದಲ್ಲಿ ರಾಜಕೀಯ ಮತ್ತು ಹಾಡು ಒಂದೇ ಮೈಕಿನ ಮುಂದೆ ನಿಂತಿದ್ದವು. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾತನಾಡಿದ ಸಭೆಯಲ್ಲೇ ಜೋನ್ ಬಯೆಜ್ ಮತ್ತು ಬಾಬ್ ಡಿಲನ್ ಹಾಡಿದರು. 1965ರಲ್ಲಿ ಅಮೆರಿಕದ ಸೇನೆ ವಿಯೆಟ್ನಾಮಿನ ಕಾಳಗಕ್ಕೆ ನೇರವಾಗಿ ಇಳಿದ ಮೇಲೆ ಯುದ್ಧವಿರೋಧಿ ಹಾಡುಗಳು ರೆಕಾರ್ಡ್ ಕಂಪನಿಗಳಿಗೆ ಲಾಭದ ಸರಕೂ ಆದವು. 1969ರ ಆಗಸ್ಟಿನ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ಲಕ್ಷಗಟ್ಟಲೆ ಯುವಕರು ಸೇರಿದರು. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡೇಟಿಗೆ ಬಲಿಯಾದ ಕೆಲವೇ ವಾರಗಳಲ್ಲಿ ಅದರ ಮೇಲಿನ ಹಾಡು ರೇಡಿಯೊದಲ್ಲಿ ಬರುತ್ತಿತ್ತು. ಮಲೆನಾಡಿನಲ್ಲಿ ಆದದ್ದೇ ಬೇರೆ. ಇಲ್ಲಿ ಚಳವಳಿಗೆ ಮಾತು ಮೊದಲು ಸಿಕ್ಕಿತು, ಕವಿತೆ ಆಮೇಲೆ, ರಾಗ ಎಲ್ಲಕ್ಕಿಂತ ಕೊನೆಗೆ. ಆ ರಾಗವೂ ಬಹುಪಾಲು ಬಂದದ್ದು ನಾಟಕದವರ ಮತ್ತು ದಲಿತ ಕವಿಗಳ ಕಡೆಯಿಂದ. ಸಮಾಜವಾದಿಗಳು ಅದನ್ನು ಕಟ್ಟಲಿಲ್ಲ.

ಕೊಳಗ, ಗೇಣಿ, ಸತ್ಯಾಗ್ರಹ

ಕಾಗೋಡು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಅಲ್ಲಿಯ ಗೇಣಿದಾರರಲ್ಲಿ ಹೆಚ್ಚಿನವರು ದೀವರು, ಭೂಮಿ ಒಡೆಯರದು. ಜಗಳ ಹುಟ್ಟಿದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ. ಗೇಣಿ ಇಷ್ಟು ಕೊಳಗ ಎಂದು ನಿಗದಿಯಾಗಿರುತ್ತಿತ್ತು. ಅಳೆಯುವ ಕೊಳಗ ಮಾತ್ರ ಒಡೆಯರ ಮನೆಯದು, ಸರ್ಕಾರಿ ಅಳತೆಗಿಂತ ದೊಡ್ಡದು. ಲೆಕ್ಕದಲ್ಲಿ ಏನೂ ಹೆಚ್ಚು ಕಾಣದಂತೆ ಕಣದಲ್ಲಿ ಹೆಚ್ಚು ಭತ್ತ ಎತ್ತಿಕೊಂಡು ಹೋಗುವ ಉಪಾಯ ಅದು. ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕು ರೈತ ಸಂಘ ಕಟ್ಟಿ, ಅಳತೆ ಸರಿಯಾಗಲಿ, ಗೇಣಿಗೆ ರಸೀದಿ ಕೊಡಲಿ ಎಂದು ಕೇಳತೊಡಗಿದ ಮೇಲೆ ಒಡೆಯರು ಒಕ್ಕಲುಗಳನ್ನು ಬಿಡಿಸಲು ಹೊರಟರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ತಂಡ ತಂಡವಾಗಿ ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೇ ಇಳಿದು ಬಂಧನಕ್ಕೊಳಗಾದರು. ಹೆಂಗಸರೂ ಹಿಂದೆ ಬೀಳಲಿಲ್ಲ. ಪೊಲೀಸರ ಹೊಡೆತ ಬಡಿತಗಳ ನೆನಪು ಆ ಸುತ್ತಿನ ಮನೆಗಳಲ್ಲಿ ಬಹಳ ಕಾಲ ಉಳಿಯಿತು.

ಹೋರಾಟವನ್ನು ಸಮಾಜವಾದಿ ಪಕ್ಷ ಕೈಗೆತ್ತಿಕೊಂಡಿತು. ಅದರ ಮುಂದಾಳು ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡ (1923–1972). 1942ರ ಚಳವಳಿಯಲ್ಲೇ ಜೈಲು ಕಂಡಿದ್ದ ಗೌಡರಿಗೆ ಕಾಗೋಡು ರಾಜಕೀಯದ ದೊಡ್ಡ ಬಾಗಿಲು ತೆರೆಯಿತು. ಮರುವರ್ಷ, 1952ರಲ್ಲಿ, ಅವರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಕಡೆಯಿಂದ ಗೆದ್ದರು. ಅದೇ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು ಕಾಂಗ್ರೆಸ್ಸಿನ ಕಂದಾಯ ಮಂತ್ರಿಯಾಗಿ 1952ರ ಗೇಣಿ ಕಾಯಿದೆ ತಂದರು ಎಂಬುದನ್ನೂ ಹೇಳಬೇಕು. ಒಂದೇ ತಾಲ್ಲೂಕಿನ ಇಬ್ಬರು ಎರಡು ಪಕ್ಷಗಳಿಂದ ಒಂದೇ ಗಂಟನ್ನು ಬಿಚ್ಚಲು ನೋಡಿದರು.

ಕಾಗೋಡು ಸೀಮೆಯ ಜನಕ್ಕೆ ಹಾಡಿನ ಬಡತನವಿತ್ತೇ? ಖಂಡಿತ ಇಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ–ಪಂಟಿಗೆಯವರು ದೀಪ ಹಿಡಿದು ಊರೂರು ಸುತ್ತುತ್ತಿದ್ದರು, ಈಗಲೂ ಕೆಲವೆಡೆ ಸುತ್ತುತ್ತಾರೆ. ಒಬ್ಬನ ಕೈಯಲ್ಲಿ ಆರಬಾರದ ಜ್ಯೋತಿ, ಮುಂದಿನವರು ಎತ್ತಿದ ಸೊಲ್ಲನ್ನು ಹಿಂದಿನವರು ಹಿಡಿಯುವ ಹಾಡಿಕೆ. ಮನೆಯವರು ಬಾಗಿಲು ತೆರೆದು ಬಂದು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಸು ಕೊಡುತ್ತಾರೆ. ಒಡೆಯರ ಜಗುಲಿಯೆದುರು ಒಕ್ಕಲು ಗಂಟಲೆತ್ತಬಹುದಾಗಿದ್ದ ವರ್ಷದ ಕೆಲವೇ ರಾತ್ರಿಗಳು ಅವು. ಇನ್ನು ನಾಟಿ ಹಾಡು, ಕೋಲಾಟ, ಡೊಳ್ಳು, ಹೆಂಗಸರ ಸೋಬಾನೆ, ಮಳೆಗಾಲ ಕಳೆದರೆ ಯಕ್ಷಗಾನದ ಮೇಳಗಳು. ಸತ್ಯಾಗ್ರಹದ ಕಥನದಲ್ಲಿ ನಮಗೆ ಸಿಗುವುದಾದರೋ ಭಾಷಣ, ಕರಪತ್ರ, ಘೋಷಣೆ. ‘ಉಳುವವನೇ ಹೊಲದೊಡೆಯ’ ಎಂಬ ಎರಡು ಪದ ಊರೂರಿಗೆ ತಲುಪಿತು. ಅಂಟಿಗೆಯವರ ಸೊಲ್ಲು ಚಳವಳಿಯ ಸೊಲ್ಲಾಗಲಿಲ್ಲ. ಸಮಾಜವಾದಿ ನಾಯಕರು ಓದುಗರು, ವಾದಪ್ರಿಯರು. ಜನಪದ ಹಾಡನ್ನು ಅವರು ಪ್ರೀತಿಸಿದರು, ಆದರೆ ಅದು ರಾಜಕೀಯದ ಆಯುಧವಾದೀತೆಂದು ಅವರಿಗೆ ಹೊಳೆದಂತಿಲ್ಲ.

ಸಾಗರದ ರೈಲು ನಿಲ್ದಾಣದಿಂದ ಮಿಸಿಸಿಪ್ಪಿಗೆ

1951ರ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು. ರೈತರೊಂದಿಗೆ ಗದ್ದೆಗಿಳಿದ ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಒಂದು ಹಳ್ಳಿಯ ಕೊಳಗದ ಜಗಳ ದೇಶದ ಪತ್ರಿಕೆಗಳಿಗೆ ಏರಿದ್ದು ಈ ಬಂಧನದಿಂದ. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಲೋಹಿಯಾ ಅಮೆರಿಕಕ್ಕೆ ಹೊರಟರು. ಆ ಪ್ರವಾಸದಲ್ಲಿ ಜೊತೆಗಿದ್ದ ಹ್ಯಾರಿಸ್ ವೊಫರ್ಡ್ ಮುಂದೆ ಅಧ್ಯಕ್ಷ ಕೆನಡಿಯವರಿಗೆ ನಾಗರಿಕ ಹಕ್ಕುಗಳ ಸಲಹೆಗಾರರಾದರು. ಪ್ರವಾಸದ ಕಥನವನ್ನು ಪುಸ್ತಕವಾಗಿಯೂ ಪ್ರಕಟಿಸಿದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಸಭೆಗಳೆದುರು ಲೋಹಿಯಾ ಒತ್ತಿ ಹೇಳಿದ್ದು, ಅನ್ಯಾಯದ ಕಾನೂನನ್ನು ಮುರಿದು ಜೈಲಿಗೆ ಹೋಗಿ ಎಂದು. ಕಾಗೋಡಿನ ಗದ್ದೆಯಲ್ಲಿ ತಾವೇ ಮಾಡಿ ಬಂದಿದ್ದ ಕೆಲಸವದು. ಮಾಂಟ್ಗೊಮರಿಯ ಬಸ್ ಬಹಿಷ್ಕಾರ ನಡೆದದ್ದು ಇದಾಗಿ ನಾಲ್ಕು ವರ್ಷಕ್ಕೆ.

1964ರಲ್ಲಿ ಲೋಹಿಯಾ ಮತ್ತೆ ಅಮೆರಿಕಕ್ಕೆ ಹೋದರು. ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಎನ್ನುತ್ತಿದ್ದ ಒಂದು ಉಪಾಹಾರ ಮಂದಿರಕ್ಕೆ ಧೋತರವುಟ್ಟುಕೊಂಡೇ ಕಾಲಿಟ್ಟು ಮೇ 28ರಂದು ಬಂಧಿತರಾದರು. ಅಮೆರಿಕದ ಸರ್ಕಾರ ಕ್ಷಮೆ ಕೇಳುವ ಮಾತಾಡಿತು. ಸಾಗರದಲ್ಲಿ ಬಂಧಿಸಿದವರು ಅದನ್ನೂ ಆಡಿರಲಿಲ್ಲ.

ಅಮೆರಿಕದ ನಾಗರಿಕ ಹಕ್ಕು ಚಳವಳಿಯ ಪ್ರಸಿದ್ಧ ಹಾಡು ‘ವಿ ಶಲ್ ಓವರ್‌ಕಮ್’ ಚರ್ಚಿನ ಹಾಡಿನ ಬೇರಿನಿಂದ ಹುಟ್ಟಿ, ದಕ್ಷಿಣ ಕೆರೊಲಿನಾದ ತಂಬಾಕು ಕಾರ್ಮಿಕರ ಮುಷ್ಕರದಲ್ಲಿ ಬೆಳೆದು, ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆಯ ಮೂಲಕ ಪೀಟ್ ಸೀಗರ್ ಮೊದಲಾದವರ ಬಾಯಿಗೆ ಬಂದದ್ದು. ಹಿಂದಿಯಲ್ಲಿ ಗಿರಿಜಾಕುಮಾರ್ ಮಾಥುರ್ ಅದಕ್ಕೆ ಹೊಸ ರೂಪ ಕೊಟ್ಟರು. ಕನ್ನಡದ ರೂಪವನ್ನು ಶಾಲೆಯ ಪ್ರಾರ್ಥನೆಯಲ್ಲೂ ಧರಣಿಯಲ್ಲೂ ಹಾಡುತ್ತಾರೆ. ಮಲೆನಾಡಿನಿಂದ ಸತ್ಯಾಗ್ರಹದ ಪಾಠ ಹೊತ್ತು ಒಬ್ಬರು ಅತ್ತ ಹೋದರು, ಅತ್ತಲಿಂದ ಹಾಡೊಂದು ಇತ್ತ ಬಂತು. ನಮ್ಮ ಸಾಮೂಹಿಕ ಹೋರಾಟದ ಹಾಡುಗಳಲ್ಲಿ ಎಲ್ಲರಿಗೂ ಬರುವ ಒಂದು ಹಾಡು ಆಮದಿನದು.

ಮುಳುಗಡೆ

ಸಿಗಂದೂರಿಗೆ ಹೋಗುವವರು 2025ರ ಜುಲೈವರೆಗೂ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಿದ್ದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಆ ತಿಂಗಳ 14ರಂದು ಉದ್ಘಾಟನೆಯಾಯಿತು. ತುಮರಿ, ಬ್ಯಾಕೋಡು ಕಡೆಯ ಜನಕ್ಕೆ ಈ ಸೇತುವೆ ಅರುವತ್ತು ವರ್ಷ ತಡವಾಗಿ ಬಂದದ್ದು. ಅವರ ಊರುಗಳು ದ್ವೀಪದಂತಾದದ್ದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ.

ಶರಾವತಿಗೆ ಅದು ಮೊದಲ ಕಟ್ಟೆಯಲ್ಲ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿದು, ಜೋಗದ ವಿದ್ಯುದಾಗಾರಕ್ಕೆ ನೀರು ಕೊಡುತ್ತಿತ್ತು. ಲಿಂಗನಮಕ್ಕಿ ಆ ಅಣೆಕಟ್ಟನ್ನೇ ಮುಳುಗಿಸಿತು. ಬೇಸಗೆ ಬಿರುಸಾಗಿ ನೀರು ತೀರ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಕಲ್ಲುಕಟ್ಟಡ, ಅದರ ಸೈಫನ್‌ಗಳು ಮೇಲೆದ್ದು ಕಾಣುತ್ತವೆ; ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕಣಿವೆಗಳಿಗೆ ಹರಡಿತು. ಗದ್ದೆ, ತೋಟ, ಕಾನು, ಸೊಪ್ಪಿನಬೆಟ್ಟ, ಚೌಡಿ ಬನ, ಹೊಳೆದಂಡೆಯ ದೇವಸ್ಥಾನ ಎಲ್ಲವೂ ನೀರಿನಡಿಗೆ ಹೋದವು. ಮುಳುಗಡೆಯವರಿಗೆ ಶಿವಮೊಗ್ಗ, ಭದ್ರಾವತಿ, ಸಾಗರ, ಹೊಸನಗರದ ಕಾಡಂಚುಗಳಲ್ಲಿ ಜಾಗ ತೋರಿಸಿದರು. ಬಹಳ ಮಂದಿಗೆ ಹಕ್ಕುಪತ್ರದ ಗೋಜಲು ಇಂದಿಗೂ ಬಿಡಿಸಿಲ್ಲ. ಕಾಗೋಡಿನಲ್ಲಿ ಗೇಣಿಗಾಗಿ ಹೊಡೆದಾಡಿದ ಜನರ ನೆಂಟರಿಷ್ಟರೇ ಇಲ್ಲಿ ಗೇಣಿಯ ಗದ್ದೆಯನ್ನೂ ಕಳೆದುಕೊಂಡರು. ಭೂಮಿ ತನ್ನದಲ್ಲದ ಗೇಣಿದಾರನಿಗೆ ಪರಿಹಾರದಲ್ಲಿಯೂ ಕೊನೆಯ ಪಂಕ್ತಿ.

ಇಷ್ಟು ದೊಡ್ಡ ಸ್ಥಳಾಂತರಕ್ಕೆ ನಾಡಿನ ಬಾಯಲ್ಲಿ ನಿಂತ ಒಂದು ಹಾಡೂ ಇಲ್ಲ ಎನ್ನಬೇಕು. ಕಾದಂಬರಿ ಇದೆ. ಸಾಗರದ ನಾ. ಡಿಸೋಜ (ನಿಧನ 2025) ಶರಾವತಿ ಯೋಜನೆಯಲ್ಲೇ ನೌಕರರಾಗಿದ್ದು ಕಣ್ಣಾರೆ ಕಂಡದ್ದನ್ನು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದರು. ಹಾಡು ಹುಟ್ಟಿದ್ದು ಎದುರು ದಿಕ್ಕಿನಲ್ಲಿ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಜೋಗದ ಬೆಳಕಿನಿಂದಲೇ ತಾಯಿಗೆ ಆರತಿ ಎತ್ತುವ ಗೀತೆ. ಆ ಬೆಳಕು ಯಾರ ಗದ್ದೆಯ ಮೇಲಿನ ನೀರಿನಿಂದ ಬರುತ್ತಿತ್ತು ಎಂದು ಗೀತೆಯನ್ನು ಕೇಳಬಾರದು, ಅದು ಅದರ ಕೆಲಸವೂ ಅಲ್ಲ. ಆದರೆ ಮುಳುಗಡೆಯ ಮಕ್ಕಳೂ ಶಾಲೆಯ ಪ್ರಾರ್ಥನೆಯಲ್ಲಿ ಅದನ್ನೇ ಹಾಡಿ ಬೆಳೆದರು. ತಮ್ಮದೆಂದು ಹಾಡಿಕೊಳ್ಳಲು ಅವರಿಗೆ ಇನ್ನೊಂದು ಹಾಡನ್ನು ಯಾರೂ ಕೊಡಲಿಲ್ಲ. ಇಂದು ಹಿನ್ನೀರಿನ ಕುರಿತಾದ ಜನಪ್ರಿಯ ಹಾಡು ಎಂದರೆ ಸಿಗಂದೂರು ಚೌಡೇಶ್ವರಿಯ ಭಕ್ತಿಗೀತೆಗಳು. ತೋಟದ ಬೇಲಿಗಳಲ್ಲಿ ‘ಸಿಗಂದೂರು ದೇವಿಯ ಕಾವಲಿದೆ’ ಎಂದು ಬೋರ್ಡು ನೇತುಹಾಕುವ ಸೀಮೆ ಇದು. ನೆಲ ಕಾಯುವ ದೇವಿಗೆ ನೆಲ ಕಳೆದುಕೊಂಡವರು ಹಾಡು ಕಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಕವಿಗಳ ಪಕ್ಷ

ಗೋಪಾಲಗೌಡರ ಸುತ್ತ ಇದ್ದವರನ್ನು ನೆನೆದರೆ ಅದು ರಾಜಕೀಯ ಪಕ್ಷಕ್ಕಿಂತ ಸಾಹಿತ್ಯಗೋಷ್ಠಿಯ ಹಾಗೆ ಕಾಣುತ್ತದೆ. ಗೋಪಾಲಕೃಷ್ಣ ಅಡಿಗರು 1964ರಿಂದ 1968ರವರೆಗೆ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರು. ಅವರ ‘ಸಾಕ್ಷಿ’ ಪತ್ರಿಕೆ ಹೆಗ್ಗೋಡಿನ ಅಕ್ಷರ ಪ್ರಕಾಶನದ್ದು. ಯು. ಆರ್. ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು, ಪೂರ್ಣಚಂದ್ರ ತೇಜಸ್ವಿ ಕುಪ್ಪಳಿಯ ಮನೆತನದವರು, ಪಿ. ಲಂಕೇಶ್ ಶಿವಮೊಗ್ಗ ಸಮೀಪದ ಕೊನಗವಳ್ಳಿಯವರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣ 1949ರಲ್ಲೇ ನೀನಾಸಮ್ ಕಟ್ಟಿದ್ದರು. ಇವರೆಲ್ಲ ಲೋಹಿಯಾರನ್ನು ಓದಿದವರು, ತಮ್ಮತಮ್ಮಲ್ಲೇ ಕಚ್ಚಾಡಿದವರು. ಅಡಿಗರಂತೂ 1971ರಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಲೋಕಸಭೆಗೆ ನಿಂತು ಸೋತರು. ನೆಹರೂ ಆಡಳಿತದ ಮೇಲೆ ಕಟುವಾಗಿ ಬರೆದ ಈ ಕವಿಯನ್ನು ಸಾಮಾನ್ಯ ಜನ ಇಂದು ಗುರುತಿಸುವುದು, ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರ ಕಥೆಯುಳ್ಳ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಬಳಸಿದ ಅವರ ಒಂದು ಭಾವಗೀತೆಯಿಂದ. ಕ್ಯಾಸೆಟ್ಟಿಗೆ ಬೇಕಾದದ್ದು ಅಡಿಗರ ಸಿಟ್ಟಲ್ಲ, ಹಂಬಲ.

ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಿತ್ರವಾಯಿತು. ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ಆಮೇಲೆ ಅದಕ್ಕೇ ರಾಷ್ಟ್ರದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು, ಕನ್ನಡಕ್ಕೆ ಬಂದ ಮೊದಲನೆಯದು. ಅದರ ಸಂಗೀತ ರಾಜೀವ ತಾರಾನಾಥರದು. ಇಂಗ್ಲಿಷ್ ಅಧ್ಯಾಪಕರಾಗಿದ್ದು ಸರೋದ್ ಹಿಡಿದ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯ. ಗುರುಗಳು 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಶಾಲೆ ತೆರೆದಿದ್ದರು. ಅದೇ ವರ್ಷ ರವಿಶಂಕರ್ ಮಾಂಟೆರಿ ಪಾಪ್ ಉತ್ಸವದಲ್ಲಿ, 1969ರಲ್ಲಿ ವುಡ್‌ಸ್ಟಾಕಿನಲ್ಲಿ ನುಡಿಸಿದರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ ಕಛೇರಿಯ ಆರಂಭದಲ್ಲಿ ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ಜುಗಲಬಂದಿ ನುಡಿಸಿದರು. ಅಮೆರಿಕದ ಯುವಕರು ತಮ್ಮ ಯುದ್ಧಕ್ಕೆ ಬೇಸತ್ತು ಸಿತಾರ್–ಸರೋದಿಗೆ ಕಿವಿಗೊಟ್ಟರು. ಅದೇ ಸರೋದಿನ ಮನೆಯ ಸಂಗೀತ ಇತ್ತ ಮಲೆನಾಡಿನ ಅಗ್ರಹಾರವೊಂದರ ಕೊಳೆತವನ್ನು ತೋರಿಸುವ ಚಿತ್ರಕ್ಕೆ ಒದಗಿತು. ತಾರಾನಾಥರು ಲಂಕೇಶರ ‘ಪಲ್ಲವಿ’ಗೂ (1976) ಸಂಗೀತ ಕೊಟ್ಟರು, ಮುಂದೆ ತಾವೂ ಕ್ಯಾಲಿಫೋರ್ನಿಯಾದಲ್ಲಿ ಬೋಧಿಸಿದರು.

‘ಸಂಸ್ಕಾರ’ದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಲೋಹಿಯಾವಾದಿ. ಆಕೆಯ ಕಥೆ ಮುಂದೆ ಬರುತ್ತದೆ. ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಅವರ ಬದುಕಿನ ನೆರಳಲ್ಲಿ ಅನಂತಮೂರ್ತಿ ‘ಅವಸ್ಥೆ’ (1978) ಬರೆದರು. ಗೌಡರಿಗೆ ಕಾದಂಬರಿ ಸಿಕ್ಕಿತು, ಲಾವಣಿ ಸಿಗಲಿಲ್ಲ.

ಎಪ್ಪತ್ತರ ದಶಕ: ರಾಗ ಬಂದ ದಾರಿ

ಚಳವಳಿಗೆ ರಾಗ ಕೂಡಿದ್ದು ರಂಗಭೂಮಿಯಲ್ಲಿ. 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಜೋಕುಮಾರಸ್ವಾಮಿ’, ‘ಈಡಿಪಸ್’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ತಿರುಳು ಕಾಗೋಡಿನದೇ: ಉತ್ತವನಿಗೆ ನೆಲವೋ, ಪತ್ರವುಳ್ಳವನಿಗೋ? ಅದನ್ನು ಬಯಲಾಟದ ಮಟ್ಟಿನಲ್ಲಿ, ನಗೆಚಾಟಿಕೆಯಲ್ಲಿ, ಎದ್ದು ಕುಣಿಯಬಹುದಾದ ಹಾಡಿನಲ್ಲಿ ಹೇಳಿದ್ದು ಹೊಸದು. ಭಾಷಣ ಇಪ್ಪತ್ತು ವರ್ಷ ಹೇಳಿದ್ದನ್ನು ನಾಟಕ ಎರಡು ಗಂಟೆಯಲ್ಲಿ ನಗಿಸುತ್ತ ಹೇಳಿತು. ಆ ಹಾಡುಗಳು ರಂಗಗೀತೆ ಎಂಬ ಹೆಸರಿನಲ್ಲಿ ಕಾಲೇಜುಗಳಿಗೆ, ಹವ್ಯಾಸಿ ತಂಡಗಳಿಗೆ ಹಬ್ಬಿದವು.

ಕಾರಂತರದೇ ನಿರ್ದೇಶನದ ‘ಚೋಮನ ದುಡಿ’ ಚಿತ್ರ 1975ರದು. ಶಿವರಾಮ ಕಾರಂತರ ಕಾದಂಬರಿಯ ಚೋಮನಿಗೆ ಬೇಕಿದ್ದದ್ದು ಸ್ವಂತಕ್ಕೊಂದು ತುಂಡು ನೆಲ. ಹೊಲೆಯನಾಗಿ ಹುಟ್ಟಿದವನಿಗೆ ಅದು ಸಲ್ಲದು ಎನ್ನುತ್ತದೆ ಊರು. ಅವನ ಕೈಯಲ್ಲಿ ಉಳಿಯುವುದು ದುಡಿ. ಮಾತಿನಲ್ಲಿ ಹೇಳಲಾಗದ್ದನ್ನೆಲ್ಲ ಅವನು ಬಾರಿಸುತ್ತಾನೆ. ವಾಸುದೇವರಾವ್ ಚೋಮನಾಗಿ ನಟಿಸಿದ ಈ ಚಿತ್ರಕ್ಕೂ ಸ್ವರ್ಣಕಮಲ ಬಂತು. ಪ್ರತಿಭಟನೆಯ ಸಂಗೀತ ಎಂದರೆ ಸಾಹಿತ್ಯವೇ ಬೇಕೆಂದಿಲ್ಲ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನನಗೆ ತಿಳಿದಂತೆ ಇಲ್ಲ.

ಅಷ್ಟರಲ್ಲಿ ಕಾನೂನು ಮುಂದೆ ಹೋಗಿತ್ತು. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಗೇಣಿದಾರರು ಏಳನೇ ನಮೂನೆಯ ಡಿಕ್ಲರೇಷನ್ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಮಲೆನಾಡಿನ ಹಳ್ಳಿಗಳಲ್ಲಿ ಒಡೆಯ–ಒಕ್ಕಲು ಸಂಬಂಧ ಒಂದೇ ತಲೆಮಾರಿನಲ್ಲಿ ಬದಲಾದದ್ದು ಈ ಅರ್ಜಿಯಿಂದ. ಸಿನಿಮಾ ಮಂದಿರಗಳಲ್ಲಿ ಆ ಹೊತ್ತಿಗೆ 1972ರ ‘ಬಂಗಾರದ ಮನುಷ್ಯ’ ಮುಗಿಯದೆ ಓಡಿತ್ತು. ಬಂಡೆ ಒಡೆದು ಬೇಸಾಯ ಮಾಡುವ ರಾಜ್‌ಕುಮಾರ್, ಜಿ. ಕೆ. ವೆಂಕಟೇಶ್ ಸಂಗೀತ. ರೈತನ ಪಾಡು ಅದರಲ್ಲಿ ಛಲದ ಪ್ರಶ್ನೆ, ಗೇಣಿಯ ಪ್ರಶ್ನೆಯಲ್ಲ. ಆದರೂ ಅದರ ಹಾಡುಗಳನ್ನು ಗದ್ದೆಯಲ್ಲಿ ಗುನುಗದ ಆಳಿರಲಿಲ್ಲ, ಆಳಿಟ್ಟುಕೊಂಡವನೂ ಅದನ್ನೇ ಗುನುಗುತ್ತಿದ್ದ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಸ್ನೇಹಲತಾ ರೆಡ್ಡಿಯವರನ್ನು, ಫರ್ನಾಂಡಿಸ್ ಮೇಲಿನ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಆಕೆಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನಾಧರಿಸಿ ಪಟ್ಟಾಭಿ ತೆಗೆದ ‘ಚಂಡಮಾರುತ’ ತೆರೆಗೆ ಬಂದದ್ದು ಅದೇ ವರ್ಷ.

ಮಲೆನಾಡಿನ ಕಿವಿ ಆಗ ರೇಡಿಯೊದಲ್ಲಿತ್ತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಈ ತಾಲ್ಲೂಕುಗಳಿಗೆ ವಾರ್ತೆಯನ್ನೂ ಕೃಷಿ ಸಲಹೆಯನ್ನೂ ಭಾವಗೀತೆಯನ್ನೂ ಕೊಡುತ್ತಿತ್ತು. ಮಳೆಗಾಲದಲ್ಲಿ ಹೊಳೆದಾಟಿ ಪತ್ರಿಕೆ ಬರುವುದು ಎರಡು ದಿನ ತಡವಾದರೆ ಟ್ರಾನ್ಸಿಸ್ಟರೇ ಗತಿ. ತುರ್ತುಪರಿಸ್ಥಿತಿಯಲ್ಲಿ ಆ ಟ್ರಾನ್ಸಿಸ್ಟರಿನಿಂದ ಸರ್ಕಾರಕ್ಕೆ ಬೇಕಾದ್ದು ಮಾತ್ರ ಬಂತು. ಸರ್ಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳನ್ನು 1976ರಲ್ಲಿ ಆಕಾಶವಾಣಿ ನಿಲ್ಲಿಸಿತು. ಅಮೆರಿಕದಲ್ಲಿ ಯುದ್ಧವಿರೋಧಿ ಹಾಡನ್ನು ಒಂದು ರೇಡಿಯೊ ಹಾಕದಿದ್ದರೆ ಇನ್ನೊಂದು ಹಾಕುತ್ತಿತ್ತು, ಅಂಗಡಿಯಲ್ಲಿ ರೆಕಾರ್ಡ್ ಸಿಗುತ್ತಿತ್ತು. ಇಲ್ಲಿ ರೇಡಿಯೊ ಒಂದೇ, ಅದೂ ಸರ್ಕಾರದ್ದು. ನಮ್ಮಲ್ಲಿ ಪ್ರತಿಭಟನೆಯ ಹಾಡು ಜನಪ್ರಿಯ ಸಂಗೀತವಾಗಿ ಬೆಳೆಯದೆ ಹೋದದ್ದಕ್ಕೆ ಮುಖ್ಯ ಕಾರಣ ಇದೇ ಎಂದು ತೋರುತ್ತದೆ. ಹಾಡುಗಾರರ ಪುಕ್ಕಲುತನ ಆಮೇಲಿನದು.

ರೇಡಿಯೊ ಬೇಡದೆ ಬೆಳೆದ ಹಾಡು ದಲಿತ ಚಳವಳಿಯದು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದು ದೊಡ್ಡ ಗಲಭೆಯಾಗಿ, ಅವರು ರಾಜೀನಾಮೆ ಕೊಡಬೇಕಾಯಿತು. ಆ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕಾಲೇಜು ಅಧ್ಯಾಪಕರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಹೆಸರಿನಲ್ಲೇ ಹಾಡು ಇದ್ದ ಆ ಸಂಕಲನವನ್ನು ಓದಿದವರಿಗಿಂತ ಹಾಡಿಕೊಂಡವರು ಹೆಚ್ಚು. ತಮಟೆ ಒಂದಿದ್ದರೆ ಸಾಕು; ಮೈಕು, ಹಾರ್ಮೋನಿಯಂ, ಅನುಮತಿ ಏನೂ ಬೇಡ. ಅದೇ 1975ರಲ್ಲಿ ಪ್ರಸನ್ನ ಮತ್ತು ಗೆಳೆಯರು ಕಟ್ಟಿದ ‘ಸಮುದಾಯ’ ತಂಡ ಬೀದಿನಾಟಕ, ಜಾಥಾಗಳ ಜೊತೆ ಇಂಥ ಹಾಡುಗಳನ್ನು ಊರೂರಿಗೆ ಒಯ್ದಿತು. ಮೈಸೂರಿನ ಜನಾರ್ದನ್ (ಜನ್ನಿ), ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಮುಂತಾದ ಗಾಯಕರು ಈ ಪರಂಪರೆಯವರು. ಪ್ರಸನ್ನ ಮುಂದೆ ಹೆಗ್ಗೋಡಿನ ಬಳಿ ನೆಲೆಸಿದರು. ಗೋಪಾಲಗೌಡರ ಕಾಲದ ಸಮಾಜವಾದಿ ಸಭೆಯಲ್ಲಿ ಒಬ್ಬ ಮಾತಾಡಿ ಉಳಿದವರು ಕೇಳುತ್ತಿದ್ದರು. ದಲಿತ ಸಂಘರ್ಷ ಸಮಿತಿಯ ಸಭೆಯಲ್ಲಿ ಮಾತಿಗೆ ಮುಂಚೆ ಎಲ್ಲರೂ ಹಾಡುತ್ತಿದ್ದರು, ಹಿಂದಿನ ಸಾಲಿನವರು ಹಾಡಲು ಓದು ಬರಬೇಕಾಗಿರಲಿಲ್ಲ.

ಧ್ವನಿಸುರುಳಿ

1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ಕಾವ್ಯ ಪುಸ್ತಕದಿಂದ ಟೇಪ್ ರೆಕಾರ್ಡರಿಗೆ ಬಂದ ಮೇಲೆ ಅಡಿಕೆ ವ್ಯಾಪಾರಿಯ ಗದ್ದುಗೆಯಲ್ಲೂ, ಬಸ್ಸಿನಲ್ಲೂ, ಮದುವೆ ಮನೆಯಲ್ಲೂ ಕವಿಗಳು ಕೇಳಿಸತೊಡಗಿದರು. ನಿಸಾರರ ರಾಜಕೀಯ ವಿಡಂಬನೆ ‘ಕುರಿಗಳು ಸಾರ್ ಕುರಿಗಳು’ ಕೂಡ ಹೀಗೆ ಗಾಯನಕ್ಕೆ ಬಂದು ಜನಪ್ರಿಯವಾಯಿತು. ತುರ್ತುಪರಿಸ್ಥಿತಿ ಕಳೆದು ಸ್ವಲ್ಪವೇ ಆಗಿದ್ದ ಆ ಹೊತ್ತಿನಲ್ಲಿ ಕುರಿಗಳು ಯಾರೆಂದು ವಿವರಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಹೊಸನಗರ ತಾಲ್ಲೂಕಿನ ನಗರದಲ್ಲಿ, ಕೆಳದಿ ಅರಸರ ಬಿದನೂರಿನಲ್ಲಿ, 1938ರಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯ ವೃತ್ತಿಯಿಂದ ವಕೀಲರು. ಶಿವಮೊಗ್ಗ ಸುಬ್ಬಣ್ಣ ಎಂದರೆ ಎಲ್ಲರಿಗೂ ಗೊತ್ತು. ಕಂಬಾರರ ನಿರ್ದೇಶನದ ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆ ಗೀತೆಗೆ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಚಿತ್ರಗೀತೆಗೆ ಬಂದ ಅಂಥ ಮೊದಲ ಗೌರವ. ಹಿಡಿತಕ್ಕೆ ಸಿಗದೆ ಓಡುವ ಕುದುರೆಯ ಆ ಹಾಡಿನಲ್ಲಿ ಪಕ್ಷವಿಲ್ಲ, ಬೇಡಿಕೆಯಿಲ್ಲ. ಸುಬ್ಬಣ್ಣನವರ ತೆರೆದ ದನಿಯಲ್ಲಿ ಅದನ್ನು ಕೇಳಿದ ಒಂದು ತಲೆಮಾರಿನ ಹುಡುಗರು ಮಾತ್ರ ತಮ್ಮ ಕಾಲದ ಹುರುಪೆಲ್ಲ ಅದರಲ್ಲಿದೆ ಎಂದುಕೊಂಡರು. ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ ಕೂಡ ಅವರ ದನಿಯಿಂದಲೇ ಮನೆಮಾತಾಯಿತು. ಅವರು 2022ರ ಆಗಸ್ಟಿನಲ್ಲಿ ನಿಧನರಾದರು.

ಲಂಕೇಶ್ 1980ರಲ್ಲಿ ‘ಎಲ್ಲಿಂದಲೋ ಬಂದವರು’ ಚಿತ್ರ ತೆಗೆದು ಅದಕ್ಕೆ ಬರೆದ ಹಾಡುಗಳು ವಿಜಯಭಾಸ್ಕರ್ ಸಂಗೀತದಲ್ಲಿ ಹೆಸರಾದವು. ಅದೇ ವರ್ಷ ಜುಲೈನಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಗಿ, ಹಾಡಿನಲ್ಲಿ ಹೇಳದ ಸಿಟ್ಟೆಲ್ಲ ಅದರಲ್ಲಿ ವಾರವಾರ ಅಚ್ಚಾಯಿತು.

ಹಸಿರು ಶಾಲು

1980ರ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ಅದರ ಬೆನ್ನಲ್ಲೇ ಶಿವಮೊಗ್ಗದಲ್ಲಿ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ, ಎಂ. ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಎದ್ದು ನಿಂತಿತು. ತೀರ್ಥಹಳ್ಳಿ ತಾಲ್ಲೂಕಿನ ಶಾಮಣ್ಣ ಗೋಪಾಲಗೌಡರ ಪಾಳೆಯದವರು, ತೇಜಸ್ವಿಯವರ ಗೆಳೆಯ. ಹೀಗೆ ಕಾಗೋಡಿನ ಎಳೆ ಇಲ್ಲಿಗೆ ಬಂತು, ಒಂದು ವ್ಯತ್ಯಾಸದೊಂದಿಗೆ. ಕಾಗೋಡಿನಲ್ಲಿ ರೈತನೆಂದರೆ ಗೇಣಿದಾರ, ಎದುರಾಳಿ ಒಡೆಯ. ರೈತ ಸಂಘದ ರೈತ ಭೂಮಿಯುಳ್ಳವನು. ಅವನ ಜಗಳ ಸಾಲ, ಲೆವಿ, ಕಬ್ಬಿನ ಬೆಲೆ ವಿಚಾರವಾಗಿ ಸರ್ಕಾರದೊಡನೆ. ಕೂಲಿಯವನ ಪ್ರಶ್ನೆ ಅಲ್ಲಿ ಹಿಂದೆ ಸರಿಯಿತು ಎಂದು ದಲಿತ ಸಂಘಟನೆಗಳು ದೂರಿದ್ದರಲ್ಲಿ ಹುರುಳಿತ್ತು.

ಈ ಚಳವಳಿಗೆ ಹಾಡು ಸಿದ್ಧವಾಗಿಯೇ ಇತ್ತು, ಬಹಳ ಹಿಂದಿನಿಂದ. ಕುಪ್ಪಳಿಯ ಕುವೆಂಪು ಬರೆದಿದ್ದ ‘ನೇಗಿಲ ಯೋಗಿ’ 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಸಿ. ಅಶ್ವಥ್ ಅವರ ಕಂಠದಲ್ಲಿ ಬಂದ ಮೇಲೆ ರೈತ ಸಭೆಗಳ ಪ್ರಾರ್ಥನೆಯಾಯಿತು, ಮುಂದೆ ಸರ್ಕಾರವೇ ಅದನ್ನು ರೈತಗೀತೆ ಎಂದು ಮಾನ್ಯ ಮಾಡಿತು. ರಾಜ್ಯಗಳು ಉರುಳಿದರೂ ಉಳುವವನು ತನ್ನ ಪಾಡಿಗೆ ಉಳುತ್ತಾನೆ ಎನ್ನುವ ಕವಿತೆ ಅದು. ಸರ್ಕಾರವನ್ನು ಅಲುಗಿಸಲು ಬೀದಿಗಿಳಿದ ರೈತರು ರಾಜಕೀಯಕ್ಕೆ ಬೆನ್ನು ತಿರುಗಿಸಿದ ರೈತನ ಹಾಡನ್ನು ತಮ್ಮದಾಗಿ ಮಾಡಿಕೊಂಡದ್ದು ಸೋಜಿಗವೇ. ಆದರೆ ಹಸಿರು ಶಾಲು ಹೆಗಲಿಗೇರಿಸಿ ಸಾವಿರ ಜನ ಎದ್ದು ನಿಂತು ಹಾಡಿದಾಗ ಅದರ ಅರ್ಥ ಬೇರೆಯೇ ಆಗುತ್ತದೆ.

1980ರ ಆಚೆಗೆ ಈ ಎಳೆ ಬೇರೆ ಬೇರೆ ಕಡೆ ಕವಲೊಡೆಯಿತು. ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಬಿ. ವಿ. ಕಾರಂತರ ಮಟ್ಟುಗಳನ್ನು ಹಳ್ಳಿಗಳಿಗೆ ಒಯ್ದ ತಂಡಗಳಲ್ಲಿ ಅದೂ ಒಂದು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ 2002ರಲ್ಲಿ ಡಿಸೋಜರ ‘ದ್ವೀಪ’ವನ್ನು ಚಿತ್ರ ಮಾಡಿದಾಗ ಮುಳುಗಡೆಯ ಕಥೆಗೆ ಸ್ವರ್ಣಕಮಲ ಸಿಕ್ಕಿತು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲಾ ಬಂದ್ ನಡೆಯಿತು. ಅದರಲ್ಲಿ ರೈತ ಸಂಘದವರು, ಸಾಹಿತಿಗಳು, ವಿದ್ಯಾರ್ಥಿಗಳು ಒಟ್ಟಾಗಿದ್ದರು. ಶರಾವತಿ ಕಣಿವೆಯ ಭೂಗತ ಜಲವಿದ್ಯುತ್ ಯೋಜನೆಯ ವಿರುದ್ಧದ ಹೋರಾಟ ಈಗ ಅದೇ ಹಾದಿಯಲ್ಲಿದೆ.